ಡ್ರಮ್ಮಿನಲ್ಲಿ ಹಣ್ಣಿನ ಗಿಡ

ಮಲೆನಾಡಿನಲ್ಲಿ ಜಾಗಕ್ಕೇನು ಬರ, ಹಣ್ಣಿನ ಗಿಡವನ್ನು ಡ್ರಮ್ಮಿನಲ್ಲಿ ಬೆಳೆಸುವ ಚಪಲವೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಜಾಗಕ್ಕೆ ಬರವಿಲ್ಲ, ಬಿಸಿಲಿಗೆ ಬರ. ಕಾಫಿ ತೋಟದಲ್ಲಿ ಮರದ ನೆರಳು, ಅಡಿಕೆ ತೋಟದಲ್ಲಿ ಸೋಗೆಯ ನೆರಳು. ನಿಂಬೆ, ಪೇರಲೆ ಅಲ್ಲಿ ಬದುಕಿದರೂ ಸರಿಯಾಗಿ ಫಲ ಕೊಡುವುದಿಲ್ಲ. ಕೊಟ್ಟದ್ದು ಮಂಗನ ಪಾಲು. ಬಿಸಿಲು ಬೀಳುವುದು ಮನೆ ಮುಂದಿನ ಕಣದಲ್ಲಿ. ಅಲ್ಲಿ ಗುಂಡಿ ತೋಡಿದರೆ ಕೊಯ್ಲಿನ ಕಾಲಕ್ಕೆ ಕಾಫಿ, ಅಡಿಕೆ ಒಣಗಿಸುವುದೆಲ್ಲಿ? ಡ್ರಮ್ಮಾದರೆ ಇಬ್ಬರು ಸೇರಿ ಅಂಚಿಗೆ ಸರಿಸಬಹುದು.

ಮೊದಲ ನಿಂಬೆಯನ್ನು ನಾವು ಕೈಯಾರೆ ಕೊಂದೆವು. ತಳಕ್ಕೆ ತೂತು ಮಾಡಿದ್ದೆವು, ಆದರೆ ಡ್ರಮ್ಮನ್ನು ನೆಲದ ಮೇಲೇ ಇಟ್ಟಿದ್ದೆವು. ಆಷಾಢದ ಮಳೆಯಲ್ಲಿ ತೂತು ಮುಚ್ಚಿ, ನೀರು ನಿಂತು, ಬೇರು ಕೊಳೆಯಿತು. ಈಗ 200 ಲೀಟರಿನ ಡ್ರಮ್ಮನ್ನು ಅಡ್ಡಕ್ಕೆ ಎರಡು ಮಾಡಿ, ತಳದಲ್ಲೂ ಪಕ್ಕದ ಕೆಳಭಾಗದಲ್ಲೂ ಬೆರಳು ಗಾತ್ರದ ತೂತು ಕೊರೆದು, ಇಟ್ಟಿಗೆಗಳ ಮೇಲೆ ಕೂರಿಸುತ್ತೇವೆ. ಔಷಧಿ ತುಂಬಿದ್ದ ಡ್ರಮ್ಮು ಬೇಡ. ಕೆಮ್ಮಣ್ಣು ಎರಡು ಪಾಲು, ಮರಳು ಒಂದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು. ಹಸಿ ಕಾಫಿ ಸಿಪ್ಪೆ ಹಾಕಬಾರದು. ಕೊಳೆಯುವಾಗ ಅದರ ಕಾವಿಗೆ ಬೇರು ಸುಡುತ್ತದೆ. ಕಸಿ ಗಿಡವೇ ಒಳ್ಳೆಯದು. ಕಸಿಯ ಗಂಟು ಮಣ್ಣಿನಿಂದ ನಾಲ್ಕು ಬೆರಳು ಮೇಲಿರಲಿ. ಗಂಟಿನ ಕೆಳಗೆ ಬಂದ ಚಿಗುರನ್ನು ಮುರಿದು ಹಾಕಬೇಕು.

ಮುಖ್ಯ ಮಾತು ಬೇರಿನದು. ನಮ್ಮ ಪೇರಲೆ ಧಾರಾಳವಾಗಿ ಕಾಯಿ ಕೊಡುತ್ತಿದ್ದುದು ಐದನೆಯ ವರ್ಷ ಸೊರಗಿತು. ಗೊಬ್ಬರ ಹೆಚ್ಚಿಸಿದೆವು, ಪ್ರಯೋಜನವಾಗಲಿಲ್ಲ. ಡ್ರಮ್ಮನ್ನು ಮಲಗಿಸಿ ಗಿಡವನ್ನು ಹೊರಗೆಳೆದರೆ ಮಣ್ಣೇ ಕಾಣದು. ಬೇರು ಹಗ್ಗದಂತೆ ಸುತ್ತಿಕೊಂಡಿತ್ತು. ಕಾಫಿ ಸಸಿ ನೆಡುವಾಗ ಚೀಲದ ತಳದಲ್ಲಿ ಸುರುಳಿಯಾದ ಬೇರನ್ನು ತಪ್ಪದೆ ಕತ್ತರಿಸುವ ನಾವು ಇಲ್ಲಿ ಅದನ್ನು ಮರೆತಿದ್ದೆವು. ಧೈರ್ಯ ಮಾಡಿ ಸುತ್ತಲೂ, ತಳದಲ್ಲೂ ಎರಡೆರಡು ಅಂಗುಲ ಬೇರು ಸವರಿ, ರೆಂಬೆಗಳನ್ನು ಮೂರರಲ್ಲೊಂದು ಭಾಗ ಕತ್ತರಿಸಿ, ಹೊಸ ಮಣ್ಣು ತುಂಬಿ ನೆರಳಿನಲ್ಲಿಟ್ಟೆವು. ಕೆಲವೇ ವಾರಗಳಲ್ಲಿ ಚಿಗುರಿತು. ಅಂದಿನಿಂದ ಎರಡು-ಮೂರು ವರ್ಷಕ್ಕೊಮ್ಮೆ, ಮುಂಗಾರಿನ ಮೊದಲ ಮಳೆ ಬಿದ್ದಾಗ, ಈ ಕೆಲಸವನ್ನು ತಪ್ಪಿಸಿಲ್ಲ.

ಬೇಸಿಗೆಯಲ್ಲಿ ದಿನವೂ ಮಣ್ಣಿಗೆ ಬೆರಳು ಚುಚ್ಚಿ ನೋಡಬೇಕು. ಎರಡು ಅಂಗುಲ ಒಣಗಿದ್ದರೆ ನೀರು ಕೊಡಬೇಕು. ಬೆಳೆದ ನಿಂಬೆಗೆ ಮಾತ್ರ ಕೆಲವು ದಿನ ನೀರು ತಡೆದು, ಎಲೆ ಬಾಡತೊಡಗಿದಾಗ ಹೊಟ್ಟೆ ತುಂಬ ಕೊಟ್ಟರೆ ಹೂ ಬರುತ್ತದೆ. ವರ್ಷವರ್ಷವೂ ಹೂಮಳೆಗೆ ಕಾಯುವ ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರಿಂದ ಸಂಘದ ಸಾಲವೇನೂ ತೀರದು. ಆದರೆ ಉಪ್ಪಿನಕಾಯಿಗೆ ಮನೆಯ ನಿಂಬೆ, ಮಕ್ಕಳ ಕೈಗೆ ಮನೆಯ ಹಣ್ಣು ಸಿಗುತ್ತದೆ. ಹೊಸಬರು ಒಂದೇ ಡ್ರಮ್ಮಿನಿಂದ ಆರಂಭಿಸಲಿ. ಈಗಾಗಲೇ ಇಟ್ಟಿರುವವರು ಮಳೆ ಹಿಡಿಯುವ ಮೊದಲು ಒಮ್ಮೆ ಗಿಡವನ್ನು ಎಳೆದು ಬೇರು ನೋಡಲಿ.