ಹಳೆ ಬಟ್ಟೆ ಗೊಬ್ಬರದ ಗುಂಡಿಗೆ ಹಾಕಿದರೆ ಮಣ್ಣಾಗುತ್ತದೆಯೇ? ಇಲ್ಲಿದೆ ಪೂರ್ತಿ ವಿಷಯ

‘ಹಳೆ ಬಟ್ಟೆ ಬಿಸಾಡಬೇಡಿ, ಗೊಬ್ಬರದ ಗುಂಡಿಗೆ ಹಾಕಿ, ಮಣ್ಣಾಗುತ್ತದೆ’ ಎಂಬ ಸಲಹೆ ನಿಮಗೂ ಬಂದಿರಬಹುದು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಂಥ ಊರಲ್ಲಿ ಇದನ್ನು ಪಾಲಿಸುವುದು ಸುಲಭ. ಅಡಿಕೆ, ತೆಂಗಿನ ತೋಟವಿರುವ ಕಡೆ ಗೊಬ್ಬರದ ಗುಂಡಿಯೂ ಇರುತ್ತದೆ. ಆದರೆ ಆ ಗೊಬ್ಬರ ಕೊನೆಗೆ ಹೋಗುವುದು ತೋಟಕ್ಕೇ. ಆದ್ದರಿಂದ ಈ ಸಲಹೆ ಎಷ್ಟು ಸರಿ ಎಂದು ನಾವು ಪರಿಶೀಲಿಸಿದೆವು.

ಯಾವುದು ಕೊಳೆಯುತ್ತದೆ?

ಹತ್ತಿ ಎಂದರೆ ಸೆಲ್ಯುಲೋಸ್. ಒಣ ಎಲೆ, ಹುಲ್ಲಿನಲ್ಲಿ ಇರುವುದೂ ಅದೇ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು ತಿನ್ನುತ್ತವೆ. ಪಾಲಿಯೆಸ್ಟರ್ ಹಾಗಲ್ಲ. ಅದು ನೀರಿನ ಬಾಟಲಿಗೆ ಬಳಸುವ ಪೆಟ್ ಪ್ಲಾಸ್ಟಿಕ್ಕೇ. ಸಮವಸ್ತ್ರಕ್ಕೆ ಬಳಸುವ ಟೆರಿಕಾಟ್‌ನಲ್ಲಿ ಸಾಮಾನ್ಯವಾಗಿ 67 ಭಾಗ ಪಾಲಿಯೆಸ್ಟರ್, 33 ಭಾಗ ಹತ್ತಿ ಇರುತ್ತದೆ.

ಇಂಥ ಬಟ್ಟೆ ಗುಂಡಿಯಲ್ಲಿ ಚಿಂದಿಯಾದಾಗ ‘ಕೊಳೆಯಿತು’ ಎಂದುಕೊಳ್ಳುತ್ತೇವೆ. ನಿಜಕ್ಕೂ ಕೊಳೆತದ್ದು ಹತ್ತಿ ಮಾತ್ರ. ಪಾಲಿಯೆಸ್ಟರ್ ಎಳೆಗಳು ಬಿಡಿಬಿಡಿಯಾಗಿ ಗೊಬ್ಬರದಲ್ಲೇ ಉಳಿಯುತ್ತವೆ. ಆಮೇಲೆ ಅವನ್ನು ಆರಿಸಿ ತೆಗೆಯಲು ಆಗದು.

ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಇದೆಯಲ್ಲ?

ಇದೆ. 2016ರಲ್ಲಿ ಜಪಾನಿನ ವಿಜ್ಞಾನಿಗಳು ಇಡಿಯೊನೆಲ್ಲಾ ಸಕಾಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಬಗ್ಗೆ ವರದಿ ಮಾಡಿದರು. ಆದರೆ ಅದು ಪ್ರಯೋಗಾಲಯದಲ್ಲಿ ಒಡೆದದ್ದು ತೆಳುವಾದ ಪೆಟ್ ಹಾಳೆಯನ್ನು. ಬಟ್ಟೆಯ ಎಳೆಯನ್ನು ತಯಾರಿಸುವಾಗ ಎಳೆದು ಬಿಗಿ ಮಾಡಿರುತ್ತಾರೆ, ಹಾಗಾಗಿ ಅದನ್ನು ಒಡೆಯುವುದು ಇನ್ನೂ ಕಷ್ಟ. ಹತ್ತಿ ಮತ್ತು ಪಾಲಿಯೆಸ್ಟರನ್ನು ಬೇರ್ಪಡಿಸುವ ವಿಧಾನವನ್ನು ಹಾಂಗ್‌ಕಾಂಗ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಅದಕ್ಕೆ ಒತ್ತಡ, ಶಾಖ ಮತ್ತು ರಾಸಾಯನಿಕ ಬೇಕು. ಮನೆಯ ಗುಂಡಿಯಲ್ಲಿ ಅದು ಸಾಧ್ಯವಿಲ್ಲ.

ಮನೆಯಲ್ಲೇ ಗುರುತಿಸುವುದು ಹೇಗೆ?

ಬಟ್ಟೆಯಿಂದ ಒಂದೆರಡು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಮೆತ್ತನೆಯ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಕಂಡರೆ ಅದು ಮಿಶ್ರ ಬಟ್ಟೆ. ಮಕ್ಕಳ ಕೈಗೆ ಇದನ್ನು ಕೊಡಬೇಡಿ.

ಪೂರ್ತಿ ಹತ್ತಿ ಬಟ್ಟೆಯಾದರೂ ಹೊಲಿದ ದಾರ ಪಾಲಿಯೆಸ್ಟರ್ ಇರಬಹುದು. ಹೊಲಿಗೆ, ಗುಂಡಿ, ಜಿಪ್, ಎಲಾಸ್ಟಿಕ್ ಕತ್ತರಿಸಿ, ಉಳಿದದ್ದನ್ನು ಸಣ್ಣ ತುಂಡು ಮಾಡಿ ಹಾಕಿ. ಮಿಶ್ರ ಬಟ್ಟೆಯನ್ನು ಒರೆಸಲು, ಚೀಲ ಹೊಲಿಯಲು ಬಳಸಿ. ಕೊನೆಗೆ ಒಣ ಕಸದ ಜೊತೆ ಪಂಚಾಯಿತಿ ಗಾಡಿಗೆ ಕೊಡಿ. ಸುಡಬೇಡಿ.

ನಮ್ಮ ತೀರ್ಮಾನ: ಸಲಹೆ ಅರ್ಧ ಸತ್ಯ. ಫಾರ್ವರ್ಡ್ ಮಾಡುವುದಾದರೆ ‘ಪೂರ್ತಿ ಹತ್ತಿ ಬಟ್ಟೆ ಮಾತ್ರ’ ಎಂದು ಸೇರಿಸಿ ಕಳಿಸಿ.