ಕೊಡುವವರು ಕೈ ಚಾಚುವುದಿಲ್ಲ

ಕಳೆದ ವರ್ಷ ಬೆಂಗಳೂರಿನಲ್ಲಿ ಒಂದು ತಂತ್ರಜ್ಞಾನ ಸಮ್ಮೇಳನಕ್ಕೆ ಹೋಗಿದ್ದ ಅಕ್ಕನ ಮಗಳು ಊಟದ ಹೊತ್ತಿಗೆ ಫೋನ್ ಮಾಡಿದಳು. ‘ಮಾಮ, ನನಗೆ ಲ್ಯಾಪ್‌ಟಾಪ್ ಬಂದಿದೆ!’ ಅವಳದು ಎಂಜಿನಿಯರಿಂಗ್ ಕೊನೆಯ ವರ್ಷ. ಮನೆಯಲ್ಲಿರುವ ಲ್ಯಾಪ್‌ಟಾಪಿನ ಹಿಂಜ್ ಮುರಿದು, ಪರದೆ ಗಮ್ ಟೇಪಿನ ಆಸರೆಯಲ್ಲಿ ನಿಂತಿದೆ. ಆ ಖುಷಿ ನನಗೆ ಅರ್ಥವಾಯಿತು.

ಬೆಳಗ್ಗೆ ಸಭಾಂಗಣದ ಬಾಗಿಲಲ್ಲಿದ್ದ ಫಲಕದ ಮುಂದೆ ಸೆಲ್ಫಿ ತೆಗೆದು, ಲ್ಯಾಪ್‌ಟಾಪ್ ಬಹುಮಾನದ ಡ್ರಾಗೆಂದು ಆಯೋಜಕರು ಹೇಳಿದ ಹ್ಯಾಷ್‌ಟ್ಯಾಗ್ ಹಾಕಿ ಇನ್‌ಸ್ಟಾಗ್ರಾಂನಲ್ಲಿ ಹಂಚಿಕೊಂಡಿದ್ದಳು. ಎರಡು ಗಂಟೆಯೊಳಗೆ ಸಮ್ಮೇಳನದ ಹೆಸರು, ಲಾಂಛನ ಎರಡೂ ಇದ್ದ ಖಾತೆಯಿಂದ ಸಂದೇಶ ಬಂದಿತ್ತು: ‘ಅಭಿನಂದನೆಗಳು, ನೀವು ವಿಜೇತರು. ಕೊರಿಯರ್ ವೆಚ್ಚ 499 ರೂಪಾಯಿಯನ್ನು ಅರ್ಧ ಗಂಟೆಯೊಳಗೆ ಈ ಕ್ಯೂಆರ್ ಕೋಡ್‌ಗೆ ಪಾವತಿಸಿ.’

‘ಹಾಕಿಬಿಡಲಾ?’ ಎಂದಳು.

‘ನೀನು ಕೂತಿರುವುದು ಅದೇ ಸಭಾಂಗಣದಲ್ಲಿ. ಕೊಡುವವರೂ ಅಲ್ಲೇ ಇದ್ದಾರೆ. ಕೊರಿಯರ್ ಯಾಕೆ ಪುಟ್ಟಿ?’ ಎಂದೆ. ಆ ಕಡೆ ಮಾತಿಲ್ಲ.

ಗುರುತು ಸಿಗುವುದು ಹೀಗೆ

ಬಹುಮಾನದ ಆಸೆಗೆ ನಾವು ಹಾಕುವ ಹ್ಯಾಷ್‌ಟ್ಯಾಗ್, ಬರೆಯುವ ಕಮೆಂಟ್ ಎಲ್ಲರಿಗೂ ಕಾಣುತ್ತವೆ. ವಂಚಕರಿಗೆ ಅದೇ ಸಿದ್ಧ ಪಟ್ಟಿ. ಯಾರು ಕಾಯುತ್ತಿದ್ದಾರೆ, ಯಾವುದಕ್ಕೆ ಕಾಯುತ್ತಿದ್ದಾರೆ ಎಂಬುದು ಅವರಿಗೆ ಮೊದಲೇ ಗೊತ್ತು. ಅಸಲಿ ಖಾತೆಯ ಚಿತ್ರ ಇಳಿಸಿಕೊಂಡು, ಹೆಸರಿಗೆ ಒಂದು ಅಡಿಗೆರೆಯನ್ನೋ ‘ಅಫೀಷಿಯಲ್’ ಎಂಬ ಬಾಲವನ್ನೋ ಸೇರಿಸಿ, ಪಟ್ಟಿಯಲ್ಲಿದ್ದ ಎಲ್ಲರಿಗೂ ‘ನೀವೇ ವಿಜೇತರು’ ಎಂದು ಕಳಿಸುತ್ತಾರೆ. ಗೆಲ್ಲುವ ನಿರೀಕ್ಷೆಯಲ್ಲಿದ್ದವರಿಗೆ ಗೆದ್ದ ಸುದ್ದಿ ಬಂದರೆ ಅನುಮಾನ ಹೇಗೆ ಹುಟ್ಟಬೇಕು?

ದೊಡ್ಡ ಸಮ್ಮೇಳನಗಳಲ್ಲಿ ಇದೇ ಆಟ ದೊಡ್ಡದಾಗಿ ನಡೆಯುತ್ತದೆ. 2025ರ ಅಕ್ಟೋಬರ್ 28ರಂದು ವಾಷಿಂಗ್ಟನ್‌ನಲ್ಲಿ ಚಿಪ್ ಕಂಪನಿ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ತಮ್ಮ ಕಂಪನಿಯ ಜಿಟಿಸಿ ಸಮ್ಮೇಳನದ ಭಾಷಣ ಮಾಡುತ್ತಿದ್ದಾಗ, ಯೂಟ್ಯೂಬಿನಲ್ಲಿ ಅವರದೇ ಮುಖ, ಅವರದೇ ದನಿಯ ಡೀಪ್‌ಫೇಕ್ ನೇರಪ್ರಸಾರವೂ ಓಡುತ್ತಿತ್ತು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕ್ರಿಪ್ಟೊ ಕಳಿಸಿ ಎಂದು ಆ ಮುಖ ಹೇಳುತ್ತಿತ್ತು. ಒಂದು ಹಂತದಲ್ಲಿ ಅಸಲಿ ಭಾಷಣಕ್ಕಿಂತ ಹೆಚ್ಚು ಮಂದಿ ನಕಲಿಯನ್ನೇ ನೋಡುತ್ತಿದ್ದರು.

ಅಸಲಿ ಖಾತೆಯೂ ಸುಳ್ಳಾಡಬಹುದು

‘ಖಾತೆ ಅಸಲಿಯೇ ಎಂದು ನೋಡಿದರೆ ಸಾಲದೇ?’ ಎಂದು ಕೇಳಬಹುದು. ಸಾಲದು. 2020ರ ಜುಲೈ 15ರಂದು ಬರಾಕ್ ಒಬಾಮ, ಜೋ ಬೈಡನ್, ಬಿಲ್ ಗೇಟ್ಸ್, ಆಪಲ್ ಸಂಸ್ಥೆಯಂಥವರ ಅಸಲಿ ಟ್ವಿಟರ್ ಖಾತೆಗಳಿಂದಲೇ ‘ಬಿಟ್‌ಕಾಯಿನ್ ಕಳಿಸಿ, ಎರಡರಷ್ಟು ಮರಳಿಸುತ್ತೇವೆ’ ಎಂಬ ಸಂದೇಶ ಹೊರಟಿತು. ಕೈಚಳಕ ತೋರಿದವರಲ್ಲಿ ಫ್ಲಾರಿಡಾದ 17 ವರ್ಷದ ಹುಡುಗನೊಬ್ಬ ಮುಖ್ಯನಾಗಿದ್ದ. ಟ್ವಿಟರ್ ನೌಕರರಿಗೆ ಫೋನ್ ಮಾಡಿ, ಮಾತಿನಲ್ಲೇ ಮರುಳು ಮಾಡಿ ಒಳಗಿನ ಬೀಗದ ಕೈ ಪಡೆದಿದ್ದರು. ಕೆಲವೇ ಗಂಟೆಗಳಲ್ಲಿ ಜನ ಒಂದು ಲಕ್ಷ ಡಾಲರ್‌ಗೂ ಹೆಚ್ಚು ಮೌಲ್ಯದ ಬಿಟ್‌ಕಾಯಿನ್ ಕಳಿಸಿದ್ದರು.

ನಮ್ಮಲ್ಲೂ ಆಗಿದೆ. 2021ರ ಡಿಸೆಂಬರ್ 12ರ ನಸುಕಿನಲ್ಲಿ ಪ್ರಧಾನಿ ಮೋದಿ ಅವರ ಟ್ವಿಟರ್ ಖಾತೆ ಸ್ವಲ್ಪ ಹೊತ್ತು ಕೈತಪ್ಪಿತು. ಸರ್ಕಾರ 500 ಬಿಟ್‌ಕಾಯಿನ್ ಕೊಂಡು ದೇಶದ ಜನರಿಗೆ ಹಂಚುತ್ತಿದೆ ಎಂದು ಅದರಲ್ಲಿ ಬರೆದಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಯೂಟ್ಯೂಬ್ ಚಾನೆಲ್ಲಿನಲ್ಲೇ ಕ್ರಿಪ್ಟೊ ಪ್ರಚಾರದ ವಿಡಿಯೊ ಕಾಣಿಸಿತು. ಹೆಸರು ಮತ್ತು ನೀಲಿ ಗುರುತು ನೋಡಿ ನಂಬುವ ಕಾಲ ಮುಗಿದಿದೆ.

ನಿಮ್ಮ ದಾರಿಯಲ್ಲಿ ಹೋಗಿ ಕೇಳಿ

ಹಾಗಾದರೆ ನೋಡಬೇಕಾದದ್ದು ಎರಡು. ಮೊದಲನೆಯದು ದಾರಿ. ಸಂದೇಶದಲ್ಲಿರುವ ಲಿಂಕ್ ಒತ್ತಿ ಆ ಸಂದೇಶ ನಿಜವೇ ಎಂದು ಕೇಳಬಾರದು. ನಿಮ್ಮ ಕೊರಳ ಬ್ಯಾಡ್ಜಿನಲ್ಲೋ ಟಿಕೆಟ್ಟಿನಲ್ಲೋ ಅಚ್ಚಾಗಿರುವ ಜಾಲತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ. ಬಹುಮಾನದ ನಿಯಮ ಅಲ್ಲಿದೆಯೇ ನೋಡಿ. ನೋಂದಣಿ ಕೌಂಟರಿಗೆ ನಡೆದು ಹೋಗಿ ಕೇಳಿ. ಇನ್‌ಸ್ಟಾಗ್ರಾಂ ಖಾತೆಯ ವಿವರದಲ್ಲಿ ಅದು ಯಾವಾಗ ತೆರೆದದ್ದು, ಹೆಸರು ಬದಲಾಗಿದೆಯೇ ಎಂಬುದೂ ಸಿಗುತ್ತದೆ.

ಎರಡನೆಯದು ಹಣ ಹರಿಯುವ ದಿಕ್ಕು. ಬಹುಮಾನದ ಹೆಸರಿನಲ್ಲಿ ನಿಮ್ಮ ಜೇಬಿನಿಂದ ಹಣ ಹೊರಟರೆ ಅಲ್ಲೇ ನಿಲ್ಲಿ. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು, ಪಡೆಯಲು ಅಲ್ಲ. ‘ತೆರಿಗೆ ಕಟ್ಟಿ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ, ಹಾಗಾಗಿ ಅದು ಹೆಚ್ಚು ಅಪಾಯಕಾರಿ. ಚೀಟಿ ಎತ್ತಿ ಕೊಡುವ, 10,000 ರೂಪಾಯಿ ಮೀರಿದ ಬಹುಮಾನಕ್ಕೆ ಶೇ 30ರಷ್ಟು ತೆರಿಗೆ ಇರುವುದು ನಿಜ. ವಸ್ತುವಾದರೆ ತೆರಿಗೆ ಪಾವತಿಯಾದ ಮೇಲೆಯೇ ಕೊಡಬೇಕು. ಆದರೆ ಅದು ಸಂಸ್ಥೆಯ ಪತ್ರ, ನಿಮ್ಮ ಪ್ಯಾನ್, ಲೆಕ್ಕದ ದಾಖಲೆ ಎಲ್ಲದರ ಜೊತೆ ನಡೆಯುವ ವ್ಯವಹಾರ. ಯಾರದೋ ಖಾಸಗಿ ಕ್ಯೂಆರ್ ಕೋಡಿಗೆ, ಅರ್ಧ ಗಂಟೆಯ ಗಡುವಿನಲ್ಲಿ ಯಾವ ತೆರಿಗೆಯೂ ಹೋಗುವುದಿಲ್ಲ.

ಹಣ ಹೋಗಿಬಿಟ್ಟಿದ್ದರೆ ನಾಚಿಕೆಪಟ್ಟು ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದೂರು ಬೇಗ ತಲುಪಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಅಕ್ಕನ ಮಗಳು ಅಂದು ನೋಂದಣಿ ಕೌಂಟರಿಗೆ ಹೋಗಿ ಫೋನ್ ತೋರಿಸಿದಳು. ಅಲ್ಲಿದ್ದ ಹುಡುಗ ನೋಡಿದವನೇ, ‘ನೀವು ಆರನೆಯವರು ಮೇಡಂ. ಡ್ರಾ ಇರೋದೇ ಸಂಜೆ ಐದಕ್ಕೆ, ಸ್ಟೇಜ್ ಮೇಲೆ’ ಎಂದನಂತೆ. ಅವಳು ಸುಮ್ಮನೆ ಹಿಂದಿರುಗಲಿಲ್ಲ. ‘ಹಾಗಂತ ಎಲ್ಲೂ ಬರೆದಿಲ್ಲವಲ್ಲ?’ ಎಂದು ಕೇಳಿದಳು. ಆ ಪ್ರಶ್ನೆ ಪ್ರತಿಯೊಬ್ಬ ಆಯೋಜಕರನ್ನೂ ಮುಟ್ಟಬೇಕು. ವಿಜೇತರ ಹೆಸರು ಎಲ್ಲಿ, ಎಷ್ಟು ಹೊತ್ತಿಗೆ ಪ್ರಕಟವಾಗುತ್ತದೆ, ಹಣ ಕೇಳುತ್ತಾರೋ ಇಲ್ಲವೋ ಎಂಬುದನ್ನು ಸೆಲ್ಫಿ ಫಲಕದ ಮೇಲೆಯೇ ಬರೆದಿದ್ದರೆ ಆರು ಮಂದಿ ಕೌಂಟರಿಗೆ ಬರುವ ಅಗತ್ಯವಿರಲಿಲ್ಲ. ಬಾರದೆ ಹಣ ಹಾಕಿದವರು ಎಷ್ಟೋ.

ಸಂಜೆ ಲ್ಯಾಪ್‌ಟಾಪ್ ಬೇರೆ ಯಾರಿಗೋ ಹೋಯಿತು. ಅವಳು ನನಗೆ ಕಳಿಸಿದ್ದು ಒಂದು ಫೋಟೊ: ಅದೇ ಫಲಕ, ಅದರ ಮೇಲೆ ಅಂಟಿಸಿದ ಬಿಳಿ ಹಾಳೆ, ಮಾರ್ಕರ್‌ನಲ್ಲಿ ಅವಳದೇ ಕೈಬರಹ — ‘ಬಹುಮಾನ ವೇದಿಕೆಯಲ್ಲಿ ಮಾತ್ರ. ಯಾರೂ ಹಣ ಕೇಳುವುದಿಲ್ಲ.’