ಚಾಕಿಹುಳುವಿನ ಘ್ರಾಣಶಕ್ತಿ
ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಮೊಟ್ಟೆಯೊಡೆದು ಬರುವ ರೇಷ್ಮೆಯ ಚಾಕಿಹುಳುವಿನ ಉದ್ದ ಸುಮಾರು 3 ಮಿಲಿಮೀಟರ್ ಮಾತ್ರ. ಇಷ್ಟು ಕಿರಿದಾದ ಜೀವಕ್ಕೆ ಹಿಪ್ಪುನೇರಳೆಯ ಸೊಪ್ಪನ್ನು ತೋರಿಸಿಕೊಡುವುದು ಕಣ್ಣಿಗಿಂತ ಮಿಗಿಲಾಗಿ ಘ್ರಾಣಶಕ್ತಿಯೇ. ಕಡಲ ಹಕ್ಕಿಯಾದ ಸ್ಟಾರ್ಮ್ ಪೆಟ್ರೆಲ್‌ನ ಮರಿಯೂ ಕತ್ತಲೆಯಲ್ಲಿ ತನ್ನ ಗೂಡನ್ನು ವಾಸನೆಯಿಂದಲೇ ಗುರುತಿಸುತ್ತದೆ. ಸೊಪ್ಪಿನಿಂದ ಹೊಮ್ಮುವ ಸಿಸ್-ಜಾಸ್ಮೋನ್ ಎಂಬ ಪರಿಮಳವಸ್ತುವು ಹುಳುವನ್ನು ಸೆಳೆಯುವುದೆಂದು 2009ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದರು. ಮಲ್ಲಿಗೆಯ ಕಂಪಿನಲ್ಲಿಯೂ ಅದುಂಟು.

ಆದುದರಿಂದ ಚಾಕಿ ಸಾಕುವ ತಾಯಂದಿರಲ್ಲಿ ನಾವು ವಿಜ್ಞಾಪಿಸುವುದಿಷ್ಟೆ: ಬಾಡಿದ ಸೊಪ್ಪು ಬೇಡ, ಎಳೆಯ ಹಸಿರೆಲೆಯನ್ನೇ ಸಣ್ಣಗೆ ಹೆಚ್ಚಿ ಕೊಡಿರಿ. ಹೊಗೆಸೊಪ್ಪು ಹಿಡಿದ ಕೈಯಿಂದ ತಟ್ಟೆಯನ್ನು ಮುಟ್ಟದಿರಿ; ಅದರ ನಿಕೋಟಿನ್ ಹುಳುವಿಗೆ ವಿಷ. ತಿಂಗಳ ದುಡಿಮೆ, ಮನೆಯ ಸಾಲ, ಮಕ್ಕಳ ಓದು ಎಲ್ಲವೂ ಈ ಮೊದಲ ತುತ್ತನ್ನೇ ನೆಚ್ಚಿಕೊಂಡಿವೆ.